ಮಣ್ಣಿಲ್ಲದ ಶಾಂತಿಧಾಮ

ಬಸವನಬಂಡೆದೊಡ್ಡಿ ಗ್ರಾಮ ಪಂಚಾಯ್ತಿಯವರು ಕಾಲೋನಿಯ ಜನಕ್ಕೆ ಒಂದು ಸ್ಮಶಾನ ಮಾಡಿಕೊಟ್ಟರು. ಸುತ್ತ ಕಾಂಪೌಂಡು. ಮುಂದೆ ಕಮಾನು. ಕಮಾನಿನ ಮೇಲೆ ‘ಶಾಂತಿಧಾಮ’ ಎಂದು ಹೆಸರು, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಅಧ್ಯಕ್ಷ ಮರಿಯಪ್ಪನವರ ಹೆಸರು. ಕಬ್ಬಿಣದ ಗೇಟು, ಗೇಟಿಗೆ ಬೀಗ. ಹೆಣ ಹೊತ್ತು ತಂದವರು ಸುಧಾರಿಸಿಕೊಳ್ಳಲು ಸಿಮೆಂಟಿನ ಬೆಂಚು, ಕೈಕಾಲು ತೊಳೆಯಲು ನಲ್ಲಿ, ಕತ್ತಲಾದರೆ ಉರಿಯಲು ಸೋಲಾರ್ ದೀಪ. ಎಲ್ಲವೂ ಇತ್ತು. ಮಣ್ಣೊಂದು ಇರಲಿಲ್ಲ.

ಎರಡೆಕರೆಯೂ ಬಂಡೆ. ಊರಿನ ಬಡಗಣ ದಿಕ್ಕಿಗೆ ಬೋಳಾಗಿ ಬಿದ್ದುಕೊಂಡಿದ್ದ ಬಂಡೆಯ ಬೆನ್ನಿನ ಮೇಲೆಯೇ ಕಾಂಪೌಂಡು ಎಬ್ಬಿಸಿದ್ದರು. ಅಲ್ಲಿ ಹುಲ್ಲು ಹುಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತು ನಾಯಿ ಕೂಡ ಕಾಲಿಡುವುದಿಲ್ಲ. ಅಂಥ ಜಾಗವನ್ನು ಸತ್ತವರಿಗೆ ಕೊಡುವುದು ಪಂಚಾಯ್ತಿಗೆ ಬಹಳ ಸರಿಯಾಗಿ ಕಂಡಿತ್ತು, ಸತ್ತವರ ಕಾಲು ಸುಡುವುದಿಲ್ಲವಲ್ಲ.

ಉದ್ಘಾಟನೆಯ ದಿನ ಒಂದು ಟ್ರಾಕ್ಟರ್ ಮಣ್ಣು ತರಿಸಿ, ಬಂಡೆಯ ಮೇಲೆ ಗುಡ್ಡೆ ಹಾಕಿಸಿ, ಅದರಲ್ಲಿ ಮರಿಯಪ್ಪನವರು ಹೊಂಗೆ ಸಸಿ ನೆಟ್ಟರು. ಕೋಡಿಹಳ್ಳಿ ಕಡೆಯ ಸಮದ್ ಫೋಟೋ ಹಿಡಿದ. ಪಂಚಾಯ್ತಿಯ ಕಾರ್ಯಕ್ರಮಕ್ಕೆಲ್ಲ ಅವನದೇ ಕ್ಯಾಮೆರಾ, ಪೇಪರಿಗೆ ಫೋಟೋ ಕಳಿಸುವವನೂ ಅವನೇ. ಆಮೇಲೆ ಮರಿಯಪ್ಪನವರು ಮೈಕು ಹಿಡಿದರು.

“ನಿಮ್ಮ ಜನಕ್ಕೆ ಇನ್ನು ಯಾವ ಕೊರತೇನೂ ಇಲ್ಲ. ಲೈಟ್ ಕೊಟ್ಟಿದ್ದೀವಿ, ನೀರ್ ಕೊಟ್ಟಿದ್ದೀವಿ, ಬೆಂಚ್ ಆಕ್ಸಿದ್ದೀವಿ. ಇನ್ನು ನೀವು ಸಾಯೋದೊಂದೇ ಬಾಕಿ.”

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು ಎದ್ದಳು. ದೊಡ್ಡಲಕ್ಷ್ಮಮ್ಮ. ಒಂದು ಕಣ್ಣು ಕ್ವಾರಿಯಲ್ಲಿ ಕಲ್ಲಿನ ಚೂರು ಸಿಡಿದು ಹೋಗಿತ್ತು. ಉಳಿದ ಕಣ್ಣಿನಲ್ಲೇ ಬಂಡೆಯನ್ನೆಲ್ಲ ಒಂದು ಸುತ್ತು ನೋಡಿ ಕೇಳಿದಳು.

“ಬುದ್ಧೀ, ಎಲ್ಲಾ ಚೆಂದಾಗೈತೆ. ಮಣ್ಣೆಲ್ಲೈತೆ?”

ಮೈಕು ಕೀಂಯ್ ಎಂದಿತು.

“ಮೈನೆರೆದಾಗ್ನಿಂದ ಬಂಡೆ ಮ್ಯಾಲೆ ಕುಂತು ಜೆಲ್ಲಿ ಒಡ್ದಿವ್ನಿ. ಕುಂಡಿ ಸವ್ದೋಗೈತೆ. ಸತ್ಮೇಲಾದ್ರೂ ಒಸಿ ಮೆತ್ಗಿರೋ ಜಾಗ ಕೊಡ್ಬಾರ್ದಾ?”

“ಯಾಕಮ್ಮಿ, ಆಸ್ಗೆ ದಿಂಬೂ ಬೇಕಾ ನಿಂಗೆ?” ಎಂದರು ಮರಿಯಪ್ಪನವರು. ವೇದಿಕೆ ನಕ್ಕಿತು. ಊರಿನವರು ನಕ್ಕರು. ಗೌಡರು ನಕ್ಕಾಗ ನಗುವುದು ರೂಢಿಯಾದ್ದರಿಂದ ಕಾಲೋನಿಯವರೂ ನಕ್ಕರು. ನಗದೇ ಇದ್ದವಳು ಮುದುಕಿಯ ಸೊಸೆ ಹನುಮಂತಮ್ಮ. ಅವಳು ಅತ್ತೆಯ ರಟ್ಟೆ ಹಿಡಿದು ಕೂರಿಸಿದಳು. ಅವತ್ತು ಅವಳಿಗೆ ಬಾಯಿ ಬರಲಿಲ್ಲ.

ಅದೇ ವಾರ ಸಸಿ ಒಣಗಿತು. ಗಾಳಿ ಬಂದು ಮಣ್ಣನ್ನೂ ಹೊತ್ತುಕೊಂಡು ಹೋಯಿತು.

ಹಾಗಾದರೆ ಮೊದಲು ಇವರು ಎಲ್ಲಿ ಹೂಳುತ್ತಿದ್ದರು ಎಂದು ಕೇಳುತ್ತೀರಿ. ಕೆರೆ ಏರಿಯ ಕೆಳಗೆ ಹೂಳುತ್ತಿದ್ದರು. ಗುದ್ದಲಿ ಇಟ್ಟರೆ ಬೆಣ್ಣೆಯಂತೆ ಇಳಿಯುವ ಕಪ್ಪು ಮಣ್ಣು. ತಾತ ಮುತ್ತಾತಂದಿರೆಲ್ಲ ಅಲ್ಲೇ ಮಲಗಿದ್ದರು. ಆ ಜಾಗದ ಒಂದೇ ಒಂದು ದೋಷವೆಂದರೆ ರಸ್ತೆ ಅದರ ಪಕ್ಕಕ್ಕೇ ಬಂತು. ರಸ್ತೆ ಬಂದ ಮೇಲೆ ಪಂಚಾಯ್ತಿಗೆ ಹೊಸ ಕಟ್ಟಡ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ತಾಲ್ಲೂಕಿನಲ್ಲೇ ಇಲ್ಲ ಎಂದಾಯಿತು. ಆಕ್ಷೇಪಣೆ ಇದ್ದವರು ಬಂದು ಹೇಳಬೇಕೆಂದು ನೋಟೀಸು ಅಂಟಿಸಿದರು. ಅಲ್ಲಿ ಮಲಗಿದ್ದವರು ಯಾರೂ ಎದ್ದು ಬಂದು ಆಕ್ಷೇಪಣೆ ಹೇಳಲಿಲ್ಲ. ಮಲಗಿದ್ದವರ ಮಕ್ಕಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಂದು ಬೆಳಗ್ಗೆ ಜೆಸಿಬಿ ಬಂದು ಗುಡ್ಡೆಗಳನ್ನೆಲ್ಲ ನೆಲಸಮ ಮಾಡಿ ಹೋಯಿತು.

ಹನುಮಂತಮ್ಮನ ಮಾವ ಅಲ್ಲಿದ್ದ. ಅವಳ ಮೊದಲ ಕೂಸೂ ಅಲ್ಲಿತ್ತು. ಜ್ವರ ಬಂದು ಹೋದ ಹೆಣ್ಣುಕೂಸು, ಆಗಷ್ಟೇ ‘ಅವ್ವ’ ಎನ್ನಲು ಕಲಿತಿತ್ತು. ಅದನ್ನು ಮಲಗಿಸಿದ್ದ ಜಾಗದಲ್ಲಿ ಈಗ ಮರಿಯಪ್ಪನವರ ಕಾರು ನಿಲ್ಲುತ್ತದೆ. ಜಾಬ್ ಕಾರ್ಡು, ರೇಷನ್ನು ಎಂದು ಪಂಚಾಯ್ತಿಗೆ ಹೋದಾಗಲೆಲ್ಲ ಹನುಮಂತಮ್ಮ ಆ ಕಾರನ್ನು ಬಳಸಿಕೊಂಡು ಹೋಗುತ್ತಾಳೆ. ಕಾರಿನ ಅಡಿಗೆ ನೋಡುವುದಿಲ್ಲ.

ಕಟ್ಟಡದ ಮುಂದೆ ಗುಲಾಬಿ ತೋಟ ಮಾಡಿದರು. ಸೊಗಸಾದ ತೋಟ. ಒಂದೊಂದು ಹೂವೂ ಅಂಗೈಯಗಲ. ಕಾಲೋನಿಯ ನಲ್ಲಿಗೆ ವಾರಕ್ಕೆರಡು ಸಲ ನೀರು ಬಂದರೆ ಗುಲಾಬಿಗೆ ಎರಡು ಹೊತ್ತೂ ಬರುತ್ತಿತ್ತು. ಅಂದದ ಆವರಣವೆಂದು ಪಂಚಾಯ್ತಿಗೆ ಬಹುಮಾನದ ಒಂದು ಕಪ್ಪೂ ಬಂತು. ಪಂಚಾಯ್ತಿಯ ಅಧಿಕಾರಿ ಸರಸಮ್ಮ, ಊರವರ ಬಾಯಲ್ಲಿ ಪಿಡಿಒ ಮೇಡಂ, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು: “ಗೊಬ್ಬರಾನೇ ಹಾಕಿಲ್ಲ ಸಾರ್. ಎಲ್ಲಾ ಮಣ್ಣಿನ ಗುಣ.”

ಇತ್ತ ಶಾಂತಿಧಾಮ ಉದ್ಘಾಟನೆಯಾದ ಮೇಲೆ ಕಾಲೋನಿಯಲ್ಲಿ ಸಾವೇ ಆಗಲಿಲ್ಲ. ಮುದುಕರೆಲ್ಲ ಹಟ ಹಿಡಿದವರಂತೆ ಬದುಕಿದ್ದರು. ಗೂರಲು ರೋಗದ ಗಂಗಯ್ಯ, ಇವತ್ತೋ ನಾಳೆಯೋ ಎನ್ನುವಂತಿದ್ದವನು, ಎದ್ದು ಕೋಲು ಹಿಡಿದು ಅಂಗಡಿಗೆ ಹೋಗಿ ಬರತೊಡಗಿದ. “ಯಾವನ್ಲಾ ಆ ಬಂಡೆ ಮ್ಯಾಲೆ ಮೊದ್ಲು ಮಲ್ಗೋನು?” ಎನ್ನುತ್ತಿದ್ದ.

ಪಂಚಾಯ್ತಿಗೆ ಇದು ದೊಡ್ಡ ತಲೆನೋವಾಯಿತು. ಮಾಡಿದ ಕೆಲಸ ಉಪಯೋಗದಲ್ಲಿದೆ ಎಂದು ಮೇಲಿನವರಿಗೆ ತೋರಿಸಬೇಕು. ಅದಕ್ಕೆ ಫಲಾನುಭವಿಯ ಫೋಟೋ ಬೇಕು. ಸ್ಮಶಾನದ ಫಲಾನುಭವಿ ಎಂದರೆ ಹೆಣ. ಗ್ರಾಮಸಭೆಯಲ್ಲಿ ಸರಸಮ್ಮ ಬಹಳ ಸಂಕೋಚದಿಂದ ಕೇಳಿಯೂ ಕೇಳಿದರು: “ಕಾಲೋನಿ ಕಡೆ ಯಾರಿಗಾದ್ರೂ ತುಂಬಾ ಹುಷಾರಿಲ್ದೆ ಇದ್ರೆ ಸ್ವಲ್ಪ ಮುಂಚೆ ತಿಳಿಸಿ.”

ಕೊನೆಗೆ ಪಂಚಾಯ್ತಿಯ ಮರ್ಯಾದೆ ಉಳಿಸಿದವಳು ದೊಡ್ಡಲಕ್ಷ್ಮಮ್ಮ.

ಮಾಘ ಕಳೆದು ಬಿಸಿಲೇರಿದ ದಿನಗಳು. ಅತ್ತೆ ಸೊಸೆ ಇಬ್ಬರೂ ಕೃಷ್ಣಪ್ಪನ ಕ್ವಾರಿಯಲ್ಲಿ ಜೆಲ್ಲಿ ಒಡೆಯುತ್ತಿದ್ದರು. ಕೃಷ್ಣಪ್ಪ ಮರಿಯಪ್ಪನವರ ಬಾಮೈದ. ಒಡೆಯುವುದೆಂದರೆ ಕಾಲು ಚಾಚಿ ಕೂರಬೇಕು. ರಬ್ಬರಿನ ಸುತ್ತಿನೊಳಗೆ ಕಲ್ಲು ಇಡಬೇಕು. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೊಡೆಯಬೇಕು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಹೊಡೆಯಬೇಕು. ಬೆರಳಿಗೆ ಏಟು ಬಿದ್ದರೆ ಬಾಯಲ್ಲಿಟ್ಟು ಚೀಪಿ ಮತ್ತೆ ಹೊಡೆಯಬೇಕು. ದೊಡ್ಡಲಕ್ಷ್ಮಮ್ಮನ ಎಡಗೈಯ ಎರಡು ಬೆರಳಿಗೆ ಉಗುರೇ ಇರಲಿಲ್ಲ. ಕೆಮ್ಮಿದರೆ ಕಫದಲ್ಲಿ ಕಲ್ಲಿನ ಹುಡಿ ಬರುತ್ತಿತ್ತು. ಸಂಜೆ ಕೂಲಿ ಕೊಡುವಾಗ ಕೃಷ್ಣಪ್ಪ ಇವರ ಕೈಗೆ ತನ್ನ ಕೈ ತಾಗದಂತೆ ಮೇಲಿಂದ ಬಿಡುತ್ತಿದ್ದ. ಇವರು ಒಡೆದ ಕಲ್ಲು ಮುಟ್ಟಿದರೆ ಅವನಿಗೆ ಮೈಲಿಗೆ ಇರಲಿಲ್ಲ.

ಅವತ್ತು ಬೆಳಗ್ಗೆ ಹನುಮಂತಮ್ಮ ಅಂಬಲಿಯ ಲೋಟ ಹಿಡಿದು “ಅತ್ತೆ, ಏಳು” ಎಂದಳು. ಅತ್ತೆ ಏಳಲಿಲ್ಲ. ಮೈ ತಣ್ಣಗಿತ್ತು. ಎಡಗೈ ಮಾತ್ರ ನಿದ್ದೆಯಲ್ಲೂ ಕಲ್ಲು ಹಿಡಿದಂತೆಯೇ ಮಡಿಸಿಕೊಂಡಿತ್ತು. ಹನುಮಂತಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ತನ್ನ ಕೆನ್ನೆಗಿಟ್ಟುಕೊಂಡು ಅತ್ತಳು. ಅವಳಿಗೆ ತಾಯಿ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮುದುಕಿಯೇ ಬಯ್ದು, ಉಣ್ಣಿಸಿ ಸಾಕಿದ್ದಳು.

ಸುದ್ದಿ ಪಂಚಾಯ್ತಿಗೆ ಮುಟ್ಟಿತು. ಕಾಲೋನಿಯ ಸಾವಿಗೆ ಜನ್ಮದಲ್ಲಿ ಕಾಲಿಡದ ಮರಿಯಪ್ಪನವರು ಅವತ್ತು ಹೂವಿನ ಹಾರ ಕಳಿಸಿದರು. ಗೇಟಿನ ಬೀಗ ತೆಗೆಸಿದರು. ನಲ್ಲಿಗೆ ನೀರು ಬಿಡಿಸಿದರು. ಹಾಡುಹಗಲೇ ಸೋಲಾರ್ ದೀಪವನ್ನೂ ಪರೀಕ್ಷೆ ಮಾಡಿಸಿದರು. ಸಮದ್‌ಗೆ ಫೋನು ಹೋಯಿತು.

ಹನುಮಂತಮ್ಮನ ಗಂಡ ಚಿಕ್ಕಹನುಮಯ್ಯ ಕ್ವಾರಿಯಲ್ಲಿ ಬಂಡೆ ಸೀಳುವವನು. ಕಾಲೋನಿಯ ಗಂಡಸರಲ್ಲಿ ಬಹುಪಾಲು ಅದೇ ಕಸುಬಿನವರು. ಹೆಣ ಎತ್ತುವ ಮುಂಚೆ ಗುಂಡಿ ತೋಡಬೇಕಲ್ಲ, ಉಳಿ, ಸುತ್ತಿಗೆ, ಸಮ್ಮಟಿಗೆ, ಗಡಾರಿ ಹೊತ್ತು ಬಂಡೆಗೆ ಹೊರಟರು.

“ಬ್ಯಾಡ ಕಣಯ್ಯಾ,” ಎಂದಳು ಹನುಮಂತಮ್ಮ. “ನಿಮ್ಮವ್ವ ಮಣ್ಣು ಕೇಳಿದ್ಳು.”

“ಮಣ್ಣೆಲ್ಲಿಂದ ತರ್ಲಮ್ಮಿ? ನಾವೇನು ಕಲ್ಲು ಕಾಣ್ದೋರಾ? ಹೊತ್ತೇರೋದ್ರೊಳ್ಗೆ ಗುಂಡಿ ಎಬ್ಬುಸ್ಬುಡ್ತೀವಿ ಬುಡು.”

ಇಲ್ಲೇ ಅವರು ಎಡವಿದ್ದು. ಬೇರೆ ಯಾರೇ ಆಗಿದ್ದರೂ ಬಂಡೆಗೆ ನಾಲ್ಕು ಏಟು ಹೊಡೆದು, ಆಗುವುದಿಲ್ಲವೆಂದು ಕೈ ಚೆಲ್ಲಿ ಬರುತ್ತಿದ್ದರು. ಇವರು ಕಸುಬಿನವರು. ಬಂಡೆ ಕಂಡರೆ ಇವರ ಕೈ ಸುಮ್ಮನಿರುವುದಿಲ್ಲ. ಚಿಕ್ಕಹನುಮಯ್ಯ ಅಂಗೈಯಿಂದ ಸವರಿ ಕಲ್ಲಿನ ಎಳೆ ಯಾವ ಕಡೆ ಓಡುತ್ತದೆ ಎಂದು ನೋಡಿದ. ಆರಡಿ ಉದ್ದಕ್ಕೆ ಗೆರೆ ಹಾಕಿದ. ಗೆರೆಯುದ್ದಕ್ಕೂ ಬೆಣೆ ಹೊಡೆದರು. ಸಮ್ಮಟಿಗೆ ಬಿದ್ದ ಹಾಗೆಲ್ಲ ಬಂಡೆ ಒಳಗೊಳಗೇ ಬಿರಿದು, ಕತ್ತರಿಸಿದ ಕೊಬ್ಬರಿ ಮಿಠಾಯಿಯ ಹಾಗೆ, ಕಟ್ಟಡಕ್ಕೆ ಮಾರುವಂಥ ಸೈಜುಗಲ್ಲು ಸೈಜುಗಲ್ಲಾಗಿಯೇ ಎದ್ದು ಬಂತು. ಒಂದು ಬಿರುಕಿಲ್ಲ. ಒಂದು ಕಲೆ ಇಲ್ಲ. ಎತ್ತಿದ ಕಲ್ಲನ್ನು ಇವರು ಅಭ್ಯಾಸಬಲದಿಂದ ಪಕ್ಕದಲ್ಲಿ ಅಂದವಾಗಿ ಪೇರಿಸಿಯೂ ಇಟ್ಟರು. ಅವ್ವ ಸತ್ತಿದ್ದಾಳೆ ಎನ್ನುವುದು ಆ ಕ್ಷಣಕ್ಕೆ ಮರೆತು, “ಏನ್ ಕಲ್ಲು ಕಣ್ಲಾ ಇದು!” ಎಂದ ಚಿಕ್ಕಹನುಮಯ್ಯ.

ಫೋಟೋ ತೆಗೆಯುವುದನ್ನು ನೋಡಲು ಬಂದಿದ್ದ ಕೃಷ್ಣಪ್ಪನಿಗೂ ಹಾಗೇ ಅನ್ನಿಸಿತು. ಅವನು ಕೆಳಗೆ ಕೂತು ಒಂದು ಕಲ್ಲನ್ನು ಕೀಲಿಕೈಯಿಂದ ತಟ್ಟಿದ. ಕಂಚಿನ ಹಾಗೆ ಠಣ್ ಎಂದಿತು. ಇನ್ನೊಂದನ್ನು ತಟ್ಟಿದ. ಅದೂ ಎಂದಿತು. ಎದ್ದು ಪಂಚೆ ಕೊಡವಿಕೊಂಡು, ದೂರ ಹೋಗಿ ಭಾವನಿಗೆ ಫೋನು ಮಾಡಿದ.

ಹೆಣ ಬಂಡೆಗೆ ಬರುವುದಕ್ಕೂ ಮರಿಯಪ್ಪನವರ ಕಾರು ಬರುವುದಕ್ಕೂ ಸರಿಹೋಯಿತು. ಜೊತೆಗೆ ಸರಸಮ್ಮ ಇದ್ದರು. ಗುಂಡಿ ಇನ್ನೂ ಮೊಣಕಾಲುದ್ದ ಮಾತ್ರ ಇಳಿದಿತ್ತು.

“ನಿಲ್ಸ್ರಲಾ!” ಎಂದರು ಮರಿಯಪ್ಪನವರು. “ಯಾರನ್ಲಾ ಕೇಳಿ ಬಂಡೆ ಒಡೀತಿದ್ದೀರಿ?”

ಚಿಕ್ಕಹನುಮಯ್ಯ ಸುತ್ತಿಗೆ ಹಿಡಿದೇ ನಿಂತ. “ಗುಂಡಿ ಬುದ್ಧಿ. ಅವ್ವುನ್ನ ಮಣ್ಣು ಮಾಡಕ್ಕೆ.”

“ಗುಂಡಿ ತೆಗೀರಿ ಅಂದ್ರೆ ಸೈಜುಗಲ್ಲು ತೆಗ್ದಿದ್ದೀರಲ್ಲೋ! ಇದು ಗಣಿಗಾರಿಕೆ. ಮೇಡಂ, ನೀವೇ ಯೋಳಿ.”

ಸರಸಮ್ಮ ಹೆಣದ ಕಡೆ ಒಮ್ಮೆ, ಅಧ್ಯಕ್ಷರ ಕಡೆ ಒಮ್ಮೆ ನೋಡಿದರು. “ಅನುಮತಿ ಇಲ್ಲದೆ ಕಲ್ಲು ತೆಗೆಯೋದು ಅಪರಾಧ ಆಗುತ್ತಪ್ಪಾ. ಗಣಿ ಇಲಾಖೆಗೆ ಅರ್ಜಿ ಹಾಕಬೇಕು.”

“ಸ್ಮಶಾನದಲ್ಲಿ ಗುಂಡಿ ತೋಡಕ್ಕೂವಾ?”

“ಸ್ಮಶಾನ ಸರಿ. ಆದರೆ ಕಲ್ಲಿದೆಯಲ್ಲಪ್ಪಾ.”

ಆ ಕಲ್ಲು ಬೆಳಗ್ಗೆಯೂ ಅಲ್ಲೇ ಇತ್ತು. ಉದ್ಘಾಟನೆಯ ದಿನವೂ ಅಲ್ಲೇ ಇತ್ತು. ಆಗ ಅದು ಕಾಲೋನಿಯವರ ಹೆಣಕ್ಕೆ ಲಾಯಕ್ಕಾದ ಬರಡು ಬಂಡೆ. ಈಗ ಕೃಷ್ಣಪ್ಪನ ಕೀಲಿಕೈ ತಾಗಿದ್ದೇ ತಡ ಅದು ಪಂಚಾಯ್ತಿಯ ಆಸ್ತಿಯಾಗಿ, ದೇಶದ ಸಂಪತ್ತಾಗಿಬಿಟ್ಟಿತು. ಮಧ್ಯಾಹ್ನದೊಳಗೆ ಕೃಷ್ಣಪ್ಪನ ಲಾರಿ ಬಂದು, ವಶಪಡಿಸಿಕೊಂಡ ಕಲ್ಲನ್ನು ‘ಸುರಕ್ಷಿತವಾಗಿ ಇಡಲು’ ಕ್ವಾರಿಗೆ ಸಾಗಿಸಿತು. ಲಾರಿಗೆ ಕಲ್ಲು ಹೊರಿಸಿದ್ದೂ ಇವರ ಕೈಯಲ್ಲೇ. ಚಿಕ್ಕಹನುಮಯ್ಯ ತನ್ನ ತಾಯಿಯ ಗುಂಡಿಯಿಂದ ಎದ್ದ ಕಲ್ಲನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಹಾಕಿದ. ಹಾಕಿ, ಬಂದು ಕೂತು, ತಲೆ ಮೇಲೆ ಕೈ ಹೊತ್ತುಕೊಂಡ.

ದೊಡ್ಡಲಕ್ಷ್ಮಮ್ಮನನ್ನು ಸಿಮೆಂಟಿನ ಬೆಂಚಿನ ಮೇಲೆ ಮಲಗಿಸಿದ್ದರು. ಬಿಸಿಲು ನೆತ್ತಿಗೆ ಬಂತು. ಬಂಡೆ ಕಾವಲಿಯಂತೆ ಕಾಯಿತು. ಹನುಮಂತಮ್ಮ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಹಣೆಗೆ ಬಳಿದ ವಿಭೂತಿ ಒಣಗಿ ಬಿರಿಯುತ್ತಿತ್ತು. ಅಧ್ಯಕ್ಷರ ಹಾರ ಬಾಡಿ ವಾಸನೆ ಬಂತು. ಬಾಡಿದ್ದು ಹಾರವೊಂದೇ ಅಲ್ಲವೆಂದು ಅವಳ ಮೂಗಿಗೆ ಗೊತ್ತಾಯಿತು. ಅವಳು ಎದ್ದು ನಿಂತಳು.

“ಎಲ್ಗೆ?” ಎಂದ ಗಂಡ.

“ಕೇಳ್ಕಂಡ್ ಬತ್ತೀನಿ.”

“ಬ್ಯಾಡ ಕಣವ್ವ,” ಎಂದ ಗಂಗಯ್ಯ, ಕೋಲೂರಿಕೊಂಡು. “ಬುದ್ಧಿಯೋರ ಎದ್ರು ಮಾತಾಡ್ಬ್ಯಾಡ. ನಾಳೀಕೆ ಕೂಲಿ ಕೊಡೋರು ಅವ್ರೇಯ.”

ಹನುಮಂತಮ್ಮ ತಿರುಗಿ ನೋಡಲಿಲ್ಲ. ಅವಳ ಹಿಂದೆ ಕಾಲೋನಿಯ ಹೆಂಗಸರು ಒಬ್ಬೊಬ್ಬರೇ ಎದ್ದು ಬಂದರು.

ಪಂಚಾಯ್ತಿಯ ಜಗಲಿಯಲ್ಲಿ ಮರಿಯಪ್ಪನವರೂ ಕೃಷ್ಣಪ್ಪನೂ ಎಳನೀರು ಕುಡಿಯುತ್ತಿದ್ದರು. ಹೆಂಗಸರು ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಗುಲಾಬಿ ತೋಟದ ಅಂಚಿನಲ್ಲಿ ನಿಂತರು.

“ಬುದ್ಧೀ, ಹೊತ್ತು ತಿರುಗ್ತು. ಹೆಣ ಬಿಸ್ಲಲ್ಲೈತೆ. ಎಲ್ಲಿ ಮಣ್ಣು ಮಾಡವಾ, ಒಂದ್ ಮಾತು ಯೋಳಿ.”

“ಗಣಿ ಇಲಾಖೆಗೆ ಬರೀತೀವಿ ಕಣಮ್ಮಿ. ಒಸಿ ತಡ್ಕೊಳ್ರಿ.”

“ನಾವು ತಡ್ಕತೀವಿ ಬುದ್ಧಿ. ಹೆಣ ತಡ್ಕಳಲ್ಲ.”

“ಐಸ್ ಮಡ್ಗಿ,” ಎಂದ ಕೃಷ್ಣಪ್ಪ.

ಮರಿಯಪ್ಪನವರು ಕರುಣೆಯ ಮನುಷ್ಯರು. ಎಳನೀರಿನ ಬುರುಡೆ ಕೆಳಗಿಟ್ಟು ಒಂದು ದಾರಿ ಹೇಳಿದರು. “ನೋಡಮ್ಮಿ, ಬಂಡೆ ಪಕ್ಕದ ಹಳ್ಳದಲ್ಲಿ ಮಡಗಿ, ಅಲ್ಲಿರೋ ಗುಂಡುಕಲ್ಲು ಒಡ್ದು ಮ್ಯಾಲೆ ಪೇರಿಸ್ಬುಡಿ. ನಾಯಿ ನರಿ ಮುಟ್ಟಕ್ಕಿಲ್ಲ. ಕಲ್ಲು ಒಡ್ಯೋದು, ಹೊರೋದು ನಿಮ್ಗೇನು ಹೊಸ್ದಾ? ಹುಟ್ಟಿದಾಗ್ನಿಂದ ಅದನ್ನೇ ತಾನೇ ಮಾಡ್ಕಂಡ್ ಬಂದಿರೋದು?”

ಹನುಮಂತಮ್ಮನಿಗೆ ಅತ್ತೆಯ ಉಗುರಿಲ್ಲದ ಬೆರಳು ಕಣ್ಣಿಗೆ ಬಂತು. ಬೆಳಗ್ಗೆ ಆ ಬೆರಳುಗಳನ್ನು ಬಿಡಿಸಲು ತಾನು ಪಟ್ಟ ಕಷ್ಟ ನೆನಪಾಯಿತು. ಉದ್ಘಾಟನೆಯ ದಿನ ಬಾರದಿದ್ದ ಬಾಯಿ ಈಗ ಬಂತು.

“ಹೊಸ್ದಲ್ಲ. ನಿಮ್ಮನೆ ಪಾಯದ ಕಲ್ಲು ನಾವೇ ಹೊತ್ತಿದ್ದು. ಈ ಆಪೀಸಿನ ಕಲ್ಲು ಒಡ್ದಿದ್ದು ಅಲ್ಲಿ ಮಲ್ಗವ್ಳಲ್ಲ, ಅವ್ಳು. ಆ ಸುಡುಗಾಡಿನ ಕಾಂಪೋಂಡಿಗೂ ಅವ್ಳೇ ಒಡ್ದಿದ್ದು. ಬದುಕಿರಗಂಟ ಒಡದ್ಳು. ಸತ್ತೋಳಿಗೋಸ್ಕರ ನಾವು ಒಡ್ಯಲ್ಲ. ಒಂದ್ ಕಲ್ಲೂ ಒಡ್ಯಲ್ಲ.”

“ಒಡೀದಿದ್ರೆ ಹೆಣ ಮನೇಲೇ ಮಡೀಕಂಡು ಪೂಜೆ ಮಾಡು, ವೋಗು!”

ಅವಳು ಹೋಗಲಿಲ್ಲ. ಒಂದು ಹೆಜ್ಜೆ ಹಿಂದಕ್ಕಿಟ್ಟಳು, ಅಷ್ಟೇ. ಆ ಹೆಜ್ಜೆ ಗುಲಾಬಿ ಪಾತಿಯೊಳಗೆ ಬಿತ್ತು. ಆಗತಾನೇ ನೀರು ಬಿಟ್ಟಿದ್ದ ಪಾತಿ. ಬೆಳಗಿನಿಂದ ಬಂಡೆಯ ಮೇಲೆ ಬೆಂದ ಪಾದ ಹರಡಿನ ತನಕ ಮಣ್ಣಿನಲ್ಲಿ ಇಳಿಯಿತು. ತಣ್ಣಗಿತ್ತು. ಮೆತ್ತಗಿತ್ತು. ಅವಳು ಕೆಳಗೆ ನೋಡಿದಳು. ಇದು ಯಾವ ಮಣ್ಣು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪಾತಿ ಕಟ್ಟುವ ಗುದ್ದಲಿ ಗೋಡೆಗೆ ಒರಗಿತ್ತು. ಹನುಮಂತಮ್ಮ ಸೆರಗು ಸೊಂಟಕ್ಕೆ ಬಿಗಿದು ಗುದ್ದಲಿ ಎತ್ತಿದಳು. ಮೊದಲ ಏಟಿಗೆ ಒಂದು ಗುಲಾಬಿ ಗಿಡ ಬುಡಸಮೇತ ಎದ್ದು ಬಂತು.

“ಏಯ್! ಏಯ್!” ಎಂದು ಕೃಷ್ಣಪ್ಪ ಎದ್ದ. ಎಳನೀರು ಪಂಚೆಯ ಮೇಲೆ ಚೆಲ್ಲಿತು. ಅವನು ಅವಳ ಕೈಯಿಂದ ಗುದ್ದಲಿ ಕಿತ್ತುಕೊಳ್ಳಲು ಓಡಿ ಬಂದವನು ಎರಡು ಮಾರು ದೂರದಲ್ಲೇ ನಿಂತುಬಿಟ್ಟ. ಕಿತ್ತುಕೊಳ್ಳಬೇಕಾದರೆ ಮುಟ್ಟಬೇಕಾಗಿತ್ತು. ಹೆಂಗಸರು ಸುತ್ತ ನಿಂತರು. ಕೆಲವರು ಕೈಯಲ್ಲೇ ಮಣ್ಣು ಬಗೆದರು. ಒಬ್ಬಳು ಬಂಡೆಯ ಕಡೆ ಓಡಿದಳು. ಅರ್ಧ ಗಳಿಗೆಯಲ್ಲಿ ಚಿಕ್ಕಹನುಮಯ್ಯನೂ ಗಂಡಸರೂ ಚಟ್ಟ ಹೊತ್ತು ಬಂದರು. ತಮಟೆ ಮುಂದೆ ಬಂತು. ಎಲ್ಲರಿಗಿಂತ ಹಿಂದೆ, ಕೋಲೂರಿಕೊಂಡು, ಬಯ್ದುಕೊಂಡು, ಗಂಗಯ್ಯನೂ ಬಂದ.

ಸರಸಮ್ಮ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡರು. “ಅಮ್ಮಾ, ಅದು ಸರ್ಕಾರಿ ಗುಲಾಬಿ ಕಣಮ್ಮಾ...”

“ಊಂ ಮೇಡಂ, ಗುಲಾಬಿ ಸರ್ಕಾರದ್ದು. ಅಡೀಲಿರೋದು ನಮ್ಮೋರು,” ಎಂದಳು ಹನುಮಂತಮ್ಮ.

ಕೃಷ್ಣಪ್ಪ ಫೋನು ಮಾಡಿ ಕರೆಸಿದ ಪೊಲೀಸ್ ಜೀಪು ಬಂತು. ಎಸ್‌ಐ ಇಳಿದು, ತೋಟ ನೋಡಿ, ಹೆಣ ನೋಡಿ, ಗುಂಡಿಯೊಳಗಿದ್ದ ಚಿಕ್ಕಹನುಮಯ್ಯನನ್ನು ನೋಡಿದ.

“ಇಲ್ಲಿ ಅಗೆಯೋಕೆ ಪರ್ಮಿಷನ್ ಕೊಟ್ಟೋರು ಯಾರು?”

“ಇಲ್ಲಿ ಮೊದ್ಲು ಏನಿತ್ತು ಅಂತ ಅವ್ರನ್ನ ಕೇಳಿ ಸಾಮಿ,” ಎಂದಳು ಹನುಮಂತಮ್ಮ.

ಎಸ್‌ಐ ತಿರುಗಿದ. ಮರಿಯಪ್ಪನವರು ತಲೆ ಆಡಿಸಿದರು. “ಏನೂ ಇರ್ಲಿಲ್ಲ ಸಾರ್. ಬೀಳು ಬಿದ್ದಿತ್ತು. ನಾವು ಬಂದು ಚೊಕ್ಕ ಮಾಡಿದ್ದು.”

ಅವರು ಹೇಳಿ ಮುಗಿಸಿರಲಿಲ್ಲ, ಚಿಕ್ಕಹನುಮಯ್ಯ ಸಲಿಕೆ ನಿಲ್ಲಿಸಿದ. ಬಗ್ಗಿ, ಎರಡು ಕೈಯಲ್ಲೂ ಎತ್ತಿ, ಗುಂಡಿಯ ದಂಡೆಯ ಮೇಲೆ ಇಟ್ಟ. ಪಕ್ಕೆಲುಬು. ಅದರ ಸುತ್ತ ಗುಲಾಬಿಯ ಬೇರು ಹೆಣೆದುಕೊಂಡಿತ್ತು. ಆಮೇಲೆ ಒಡೆದ ಗಾಜಿನ ಬಳೆ ಬಂತು. ಆಮೇಲೆ ಇನ್ನೊಂದು ಮೂಳೆ. ಹೆಂಗಸರು ಗೊಳೋ ಎಂದರು. ಯಾರ ಅವ್ವನೋ, ಯಾರ ಅಜ್ಜಿಯೋ, ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ತಮ್ಮವರೆಂದೇ ಅತ್ತರು. ಹನುಮಂತಮ್ಮ ಮಾತ್ರ ಅಧ್ಯಕ್ಷರ ಕಾರನ್ನು ನೋಡುತ್ತಿದ್ದಳು. ಈ ಸಲ ಕಾರಿನ ಅಡಿಗೇ ನೋಡಿದಳು.

ಸರಸಮ್ಮ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಎಸ್‌ಐ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. “ಇವತ್ತು ಮುಗಿಸ್ಲಿ ಬಿಡಿ ಅಧ್ಯಕ್ಷರೇ. ಕೇಸು ಆಮೇಲೆ ನೋಡೋಣ,” ಎಂದ.

ಮರಿಯಪ್ಪನವರು ಸುಮ್ಮನೆ ಮೂರು ಎಲೆಕ್ಷನ್ ಗೆದ್ದಿರಲಿಲ್ಲ. ಜನ ನೋಡಿದರು. ಮೂಳೆ ನೋಡಿದರು. ಕ್ಯಾಮೆರಾ ಹಿಡಿದು ನಿಂತಿದ್ದ ಸಮದ್‌ನನ್ನು ನೋಡಿದರು. ಅವರ ಮುಖ ಕ್ಷಣದಲ್ಲಿ ಶೋಕದ ಮುಖವಾಯಿತು.

“ನಾನೇ ಮಾನವೀಯತೆ ದೃಷ್ಟಿಯಿಂದ ಅವ್ಕಾಸ ಕೊಟ್ಟಿದ್ದೀನಿ. ಮುದುಕಿ ಪಂಚಾಯ್ತಿಗೆ ಬಾಳ ದುಡ್ದವ್ಳೆ. ಮೊದಲ್ನೇ ಹಿಡಿ ಮಣ್ಣು ನಾನೇ ಆಕ್ತೀನಿ. ಸಮದ್, ಇತ್ಲಾಗ್ ಬಾ.”

ದೊಡ್ಡಲಕ್ಷ್ಮಮ್ಮನನ್ನು ಆಗ ಗುಂಡಿಗೆ ಇಳಿಸಿದ್ದರು. ಮರಿಯಪ್ಪನವರು ಪಂಚೆ ಎತ್ತಿಕಟ್ಟಿ, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದುಕೊಂಡು ಕೈ ಚಾಚಿದರು. ಹನುಮಂತಮ್ಮ ಆ ಕೈಯ ಮಣಿಕಟ್ಟು ಹಿಡಿದಳು.

ಜೆಲ್ಲಿ ಒಡೆಯುವ ಕೈ ಅದು. ಹಿಡಿದದ್ದನ್ನು ಅಲುಗಲು ಬಿಡದೆ ಹಿಡಿಯುವುದೇ ಅದರ ಕೆಲಸ. ಮರಿಯಪ್ಪನವರು ಎಳೆದುಕೊಳ್ಳಲು ನೋಡಿದರು. ಆಗಲಿಲ್ಲ. ತಮಟೆ ನಿಂತಿತು. ಆ ಊರು ಹುಟ್ಟಿದಾಗಿನಿಂದ ಕಾಲೋನಿಯ ಹೆಂಗಸೊಬ್ಬಳು ಗೌಡರ ಮನೆಯ ಗಂಡಸನ್ನು ಹಾಡುಹಗಲಲ್ಲಿ ಎಲ್ಲರೆದುರು ಮುಟ್ಟಿದ್ದು ಅದೇ ಮೊದಲು.

“ಅಧ್ಯಕ್ಷರೇ,” ಎಂದಳು. ಬುದ್ಧೀ ಎನ್ನಲಿಲ್ಲ. “ಈ ಮಣ್ಣು ನಮ್ದು. ನಾವು ಆಕ್ತೀವಿ. ನೀವು ಕೆಳೀಕ್ ಬುಡಿ.”

ಅವರ ಬೆರಳು ಸಡಿಲವಾಯಿತು. ಮಣ್ಣು ಅವರ ಕಾಲ ಮೇಲೇ ಬಿತ್ತು. ಅವಳು ಕೈ ಬಿಟ್ಟು, ಬಗ್ಗಿ, ತನ್ನ ಹಿಡಿ ತುಂಬ ತೆಗೆದುಕೊಂಡು ಅತ್ತೆಯ ಎದೆಯ ಮೇಲೆ ಮೆಲ್ಲಗೆ ಬಿಟ್ಟಳು. “ಮಲ್ಕೊ ಅತ್ತೆ. ಮೆತ್ಗೈತೆ,” ಎಂದಳು. ಆಮೇಲೆ ಕಾಲೋನಿಯವರೆಲ್ಲ ಹಾಕಿದರು.

ಮರುದಿನದ ಪೇಪರಿನಲ್ಲಿ ಫೋಟೋ ಬಂತು. ಸಮದ್ ಕಳಿಸಿದ್ದು ಬರೀ ಫೋಟೋ. ಕೆಳಗಿನ ಸಾಲನ್ನು ಪಂಚಾಯ್ತಿಯಿಂದ ಫೋನಿನಲ್ಲಿ ಬರೆಸಿದ್ದರು: ‘ಮೃತರ ಸೊಸೆಯ ಕೈಹಿಡಿದು ಸಾಂತ್ವನ ಹೇಳಿದ ಅಧ್ಯಕ್ಷ ಮರಿಯಪ್ಪ.’ ಅಧ್ಯಕ್ಷರು ಮನೆಗೆ ಹೋಗಿ ಹಂಡೆ ನೀರು ಖಾಲಿಯಾಗುವ ತನಕ ಸ್ನಾನ ಮಾಡಿದ್ದು ಮಾತ್ರ ಪೇಪರಿನಲ್ಲಿ ಬರಲಿಲ್ಲ.

ಸಾಂತ್ವನ ಹೇಳಿದ ಅಧ್ಯಕ್ಷರೇ ಕೇಸನ್ನೂ ಹಾಕಿಸಿದರು. ಸರ್ಕಾರಿ ಗುಲಾಬಿ ಗಿಡಗಳನ್ನು ಕಿತ್ತು ನಷ್ಟ ಮಾಡಿದ ಕೇಸು. ಕೃಷ್ಣಪ್ಪ ಕ್ವಾರಿಯಿಂದ ಗಂಡ ಹೆಂಡತಿ ಇಬ್ಬರನ್ನೂ ಬಿಡಿಸಿದ. ಈಗ ಅವರು ಬೇರೆ ಊರಿನ ಕ್ವಾರಿಗೆ ಬೆಳಕು ಹರಿಯುವ ಮುಂಚೆ ನಡೆದು ಹೋಗುತ್ತಾರೆ. ವಾಯಿದೆ ಇದ್ದ ದಿನ ಹನುಮಂತಮ್ಮ ಕೂಲಿ ಬಿಟ್ಟು, ರಾಗಿಮುದ್ದೆ ಕಟ್ಟಿಕೊಂಡು, ಬಸ್ಸು ಹತ್ತಿ ಕನಕಪುರಕ್ಕೆ ಹೋಗಿ ಕೋರ್ಟಿನ ಹುಣಸೆ ಮರದಡಿ ಕಾಯುತ್ತಾಳೆ. ಜವಾನ “ಗುಲಾಬಿ ಕೇಸಿನ ಹನುಮಂತಮ್ಮಾ” ಎಂದು ಕೂಗುತ್ತಾನೆ. ಇವಳು ಎದ್ದು ಒಳಗೆ ಹೋಗುತ್ತಾಳೆ. ಮುಂದಿನ ತಾರೀಕು ಕೊಡುತ್ತಾರೆ.

ಹೋದ ವಾಯಿದೆಯಲ್ಲಿ ಅವಳ ವಕೀಲ, ಒಳ್ಳೆಯ ಮನುಷ್ಯ, ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ.

“ನೋಡಮ್ಮ, ಇಷ್ಟೇ ಇರೋದು. ತಪ್ಪಾಯ್ತು, ಇನ್ನೊಂದು ಸಲ ಅಲ್ಲಿ ಅಗೆಯಲ್ಲ ಅಂತ ಒಂದು ಮಾತು ಹೇಳಿಬಿಡು. ಇವತ್ತೇ ಬಿಟ್ಟುಬಿಡ್ತಾರೆ. ನಿನಗೂ ಈ ಅಲೆದಾಟ ತಪ್ಪುತ್ತೆ.”

ಹನುಮಂತಮ್ಮ ರಾಗಿಮುದ್ದೆಯ ಗಂಟನ್ನು ಕಂಕುಳಿಗೆ ಸೇರಿಸಿದಳು.

“ಕೋರ್ಟ್ನಲ್ಲಿ ಸುಳ್ಳು ಯೋಳ್ಬಾರ್ದಲ್ವಾ ಸಾಮಿ? ನಮ್ಮಲ್ಲಿ ಇನ್ನೂ ಸಾಯೋರು ಬಾಳ ಜನ ಅವ್ರೆ.”